ನೋಡಕ್ಕ

ನೋಡಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಸೊರಬದಲ್ಲಿ ಕೆಲಸದ ಮೇಲಿದ್ದೆ. ಅಲ್ಲಿನ ನ್ಯಾಯಾಲಯದಲ್ಲಿ ನಾನು ಬೆರಳಚ್ಚುಗಾರ್ತಿ. ಒಬ್ಬ ಸಾಕ್ಷಿಯ ಹೇಳಿಕೆ ಅರ್ಧಕ್ಕೆ ಬಂದಿತ್ತು. ಜವಾನ ಹಿಂದಿನಿಂದ ಬಂದು, ಶಿಕಾರಿಪುರದಿಂದ ಫೋನ್ ಬಂದಿದೆ, ನಿಮ್ಮ ಪಕ್ಕದ ಮನೆಯವರು ಹೋಗಿಬಿಟ್ಟರಂತೆ ಎಂದು ಪಿಸುಗುಟ್ಟಿ ಹೋದ. ಹೇಳಿಕೆ ಮುಗಿಯುವವರೆಗೆ ಏಳುವಂತಿರಲಿಲ್ಲ. ಕೈ ತನ್ನಷ್ಟಕ್ಕೆ ಕೀಲಿ ಹೊಡೆಯುತ್ತಿತ್ತು. ಆಮೇಲೆ ಓದಿ ನೋಡಿದಾಗ ಒಂದು ಅಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು ಅನಿಸಿತು.

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಕಡತದಲ್ಲಿದೆ, ಅಲ್ಲಿದ್ದರೆ ಸಾಕು. ಶಿಕಾರಿಪುರದ ನಮ್ಮ ಬೀದಿಯಲ್ಲಿ ಆ ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಲೂ ಇರಲಿಲ್ಲ. ಎಲ್ಲರಿಗೂ ಅವರು ನೋಡಕ್ಕ. ಆ ಹೆಸರು ಹುಟ್ಟಿದ್ದು ನನ್ನ ಎದುರಿಗೇ.

ನೀರಾವರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದ ಮೇಲೆ ಅವರು ಅಡುಗೆಮನೆಯ ಗೋಡೆಯಲ್ಲಿ ಪಡಸಾಲೆಯ ಕಡೆಗಿದ್ದ ಗೂಡಿನಲ್ಲಿ, ಮೊದಲು ಉಪ್ಪಿನಕಾಯಿ ಭರಣಿ ಇಡುತ್ತಿದ್ದ ಜಾಗದಲ್ಲಿ, ಒಂದು ಸಣ್ಣ ಪೆಟ್ಟಿಗೆ ತಂದಿಟ್ಟರು. ಬುತ್ತಿಡಬ್ಬಿಯಷ್ಟು ದೊಡ್ಡದು. ಹಗಲೂ ರಾತ್ರಿ ಅದರಲ್ಲೊಂದು ಹಸಿರು ದೀಪ ಮಿನುಗುತ್ತಿತ್ತು. ಎದುರು ಮನೆಯ ಹಾಲಮ್ಮ ಹೆಸರಿಗೆ ತಕ್ಕಂತೆ ಹಾಲು ಮಾರುವವರು. ಬೆಳಿಗ್ಗೆ ಹಾಲು ಹಾಕಲು ಬಂದವರು ಪೆಟ್ಟಿಗೆ ಕಂಡು ನಿಂತರು.

‘ಏನಕ್ಕಾ ಇದು?’

‘ನೋಡ್.’

ಹಾಲಮ್ಮ ಬಗ್ಗಿ ನೋಡಿದರು. ‘ನೋಡಿದೆ. ಏನಿದು ಅಂತ?’

‘ಅದೇ, ನೋಡ್.’

‘ನೋಡಾಕಹತ್ತೀನಲ್ಲಕ್ಕಾ! ಕಣ್ಣು ಕಿತ್ತು ಕೈಯಾಗ ಕೊಡ್ಲೇನು?’

ನಾನು ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಗು ತಡೆಯಲಾಗಲಿಲ್ಲ. ಅಕ್ಕನಿಗೂ ಆಗಲೇ ಹೊಳೆದದ್ದು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಬಹಳ ಹೊತ್ತು ನಕ್ಕರು. ಆಮೇಲೆ ಹೇಳಿದರು: ‘ತಪ್ಪೇನಿಲ್ಲ ಬಿಡು ಹಾಲಮ್ಮ. ಇಂಗ್ಲಿಷಿನಾಗ ಅದರ ಹೆಸರು ನೋಡ್. ಮಾಡೋ ಕೆಲಸಾನೂ ನೋಡೋದೇ.’ ಮರುದಿನದಿಂದ ಬೀದಿಗೆ ಅವರು ನೋಡಕ್ಕ ಆದರು.

ಆ ಪೆಟ್ಟಿಗೆಯ ಕೆಲಸವನ್ನು ಅವರು ನನಗೆ ಹಲವು ಸಲ ವಿವರಿಸಿದ್ದಾರೆ. ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ. ಬಿಟ್‌ಕಾಯಿನ್ ಎಂಬ ನಾಣ್ಯವಿದೆ. ಅದಕ್ಕೆ ಬ್ಯಾಂಕ್ ಇಲ್ಲ, ಯಜಮಾನನೂ ಇಲ್ಲ. ಯಾರಿಂದ ಯಾರಿಗೆ ಎಷ್ಟು ಹೋಯಿತು ಎಂಬ ಲೆಕ್ಕದ ಪೂರ್ತಿ ಪ್ರತಿ ಲೋಕದ ತುಂಬ ಸಾವಿರಾರು ಜನರ ಮನೆಯ ಯಂತ್ರಗಳಲ್ಲಿ ಇರುತ್ತದೆ. ಹೊಸ ಲೆಕ್ಕ ಬಂದಾಗ ಪ್ರತಿಯೊಂದು ಯಂತ್ರವೂ ತಾನೇ ತಾಳೆ ನೋಡುತ್ತದೆ. ಸರಿಯಿದ್ದರೆ ಇಟ್ಟುಕೊಂಡು ಮುಂದಿನವರಿಗೆ ದಾಟಿಸುತ್ತದೆ. ಸುಳ್ಳಿದ್ದರೆ, ಕಳಿಸಿದವರು ಯಾರೇ ಆಗಿರಲಿ, ತೆಗೆದುಕೊಳ್ಳುವುದಿಲ್ಲ. ಅಷ್ಟೇ. ಇದಕ್ಕೆ ಕೂಲಿ ಇಲ್ಲ. ಅಕ್ಕನ ಬಳಿ ಆ ನಾಣ್ಯ ಒಂದು ಚೂರೂ ಇರಲಿಲ್ಲ.

‘ಮತ್ತೆ ಏನು ಬರ್ತೈತ್ರೀ ನಿಮಗ ಇದರಿಂದ?’ ಎಂದು ಬೀದಿಯವರು ಕೇಳುತ್ತಿದ್ದರು.

‘ಕರೆಂಟ್ ಬಿಲ್ ಬರ್ತೈತಿ.’

ವಿದ್ಯುತ್ತು ಹೋದಾಗ ಹಾಲಮ್ಮ ಎದುರಿನಿಂದ ಕೂಗುತ್ತಿದ್ದರು: ‘ನೋಡಕ್ಕಾ, ನಿನ್ನ ಪೆಟ್ಟಿಗಿ ಕಣ್ಣು ಮುಚ್ಚಿತು ನೋಡು!’ ಅಕ್ಕ ಒಳಗಿನಿಂದಲೇ ಕೂಗಿ ಹೇಳುತ್ತಿದ್ದರು: ‘ಮುಚ್ಚಲಿ ಬಿಡು. ಬ್ಯಾರೇದವರದು ತೆರೆದಿರ್ತಾವ. ಕರೆಂಟ್ ಬಂದ ಮ್ಯಾಲೆ ಅವರನ್ನ ಕೇಳಿ ಬಿಟ್ಟಿದ್ದು ತುಂಬಿಕೋತೈತಿ.’

ಇದೆಲ್ಲ ಅವರಿಗೆ ಯಾಕೆ ಬೇಕಿತ್ತು ಎಂದು ಬಹಳ ದಿನ ನನಗೆ ತಿಳಿದಿರಲಿಲ್ಲ. ಒಂದು ಭಾನುವಾರ ಇಬ್ಬರೂ ಅವರ ಮನೆ ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಾಗ ತಮ್ಮ ಕಚೇರಿಯ ಕಥೆ ಹೇಳಿದರು. ಅಂಜನಾಪುರದ ಜಲಾಶಯದಲ್ಲಿ ನೀರು ಎಷ್ಟಿದೆ ಎಂಬ ಅಂಕಿ ದಿನಾ ಬೆಳಿಗ್ಗೆ ಅವರ ಮೇಜಿಗೆ ಬರುತ್ತಿತ್ತು. ನಾಲೆಯ ಕೊನೆಯ ಹಳ್ಳಿಗಳ ರೈತರಿಗೆ ಆ ಅಂಕಿಯ ಮೇಲೆ ನಂಬಿಕೆ ಇರಲಿಲ್ಲ. ನೀರು ಇದ್ದೂ ಇಲ್ಲ ಅನ್ನುತ್ತೀರಿ ಎಂದು ಜಗಳಕ್ಕೆ ಬರುತ್ತಿದ್ದರು. ಅಕ್ಕ ಯಾರೂ ಹೇಳದೆ ಒಂದು ಕೆಲಸ ಶುರು ಮಾಡಿದರು. ಅಂಕಿ ಬಂದ ತಕ್ಷಣ ನಾಲೆಯುದ್ದಕ್ಕೂ ಹಳ್ಳಿಗೊಬ್ಬರಂತೆ ಫೋನ್ ಮಾಡಿ ಹೇಳುವುದು. ಅವರು ಅದನ್ನು ಚಹಾದಂಗಡಿಯದೋ ಶಾಲೆಯದೋ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುವುದು. ಕಚೇರಿಯ ಹೊರಗಿನ ಹಲಗೆಯ ಮೇಲೆ ಅಕ್ಕನೂ ಬರೆಯುವುದು. ಆಮೇಲೆ ಯಾರಾದರೂ ಜಗಳಕ್ಕೆ ಬಂದರೆ ಅಕ್ಕ ಕೇಳುತ್ತಿದ್ದ ಮಾತು ಒಂದೇ: ‘ನಿಮ್ಮೂರ ಗೋಡೆ ಏನು ಹೇಳ್ತೈತ್ರೀ?’

‘ಒಮ್ಮೆ ನಾನೇ ಸಿಕ್ಕಿಬಿದ್ದೆ ತಂಗಿ,’ ಎಂದರು. ‘ಫೋನಿನಾಗ ಸರಿ ಹೇಳಿದ್ದೆ, ಹಲಗಿ ಮ್ಯಾಲೆ ಅಂಕಿ ಹಿಂದು ಮುಂದು ಬರೆದಿದ್ದೆ. ಕೊನೇ ಹಳ್ಳಿಯಾಂವ ಒಬ್ಬ ಬಂದು, ನಮ್ಮ ಗೋಡಿ, ಪಕ್ಕದೂರಿನ ಗೋಡಿ, ಅದರ ಪಕ್ಕದ್ದು, ಎಲ್ಲ ಒಂದು ಹೇಳ್ತಾವ, ನಿಮ್ಮ ಹಲಗಿ ಒಂದೇ ಬ್ಯಾರೆ ಹೇಳ್ತೈತಿ, ಏನಮ್ಮ ಅಂದ. ನಾ ಒರೆಸಿ ಬರದೆ. ಎಷ್ಟು ಚಲೋ ಅನಿಸ್ತು ಅಂದ್ರೆ! ನಾನು ತಪ್ಪಿದರೂ ಲೆಕ್ಕ ತಪ್ಪಲಿಲ್ಲ ನೋಡು.’

ನಿವೃತ್ತಿಯಾದ ಮೇಲೆ ವಿಡಿಯೊಗಳನ್ನು ನೋಡುತ್ತ ಕುಳಿತಾಗ ಈ ಯಂತ್ರದ ಸುದ್ದಿ ಅವರಿಗೆ ಸಿಕ್ಕಿತಂತೆ. ‘ಹೊಸದೇನಲ್ಲ, ಇದು ನಮ್ಮ ಗೋಡಿನೇ ಅನಿಸ್ತು’ ಎಂದರು. ತಿಳಿಯದ ಕಡೆ ಯಾರನ್ನೋ ಕೇಳಿ, ಮೂರ್ನಾಲ್ಕು ಸಲ ಕೆಡಿಸಿ, ಕೊನೆಗೆ ನಡೆಯುವಂತೆ ಮಾಡಿಕೊಂಡರು.

ಅವರ ಸ್ವಭಾವದ ಬಗ್ಗೆ ಇನ್ನೊಂದು ಹೇಳಬೇಕು. ಬಸ್ ನಿಲ್ದಾಣದಲ್ಲಿ ಯಾರಾದರೂ ಓಡುತ್ತ ಬಂದು, ‘ಶಿವಮೊಗ್ಗದ ಬಸ್ ಹೋಯ್ತಾ?’ ಎಂದು ಕೇಳಿದರೆ, ಬೇರೆಯವರು ಹೋಯಿತು ಅನ್ನುತ್ತಾರೆ ಇಲ್ಲವೇ ಇಲ್ಲ ಅನ್ನುತ್ತಾರೆ. ಅಕ್ಕ ‘ನಾ ಬಂದ ಮ್ಯಾಲೆ ಹೋಗಿಲ್ಲ’ ಅನ್ನುತ್ತಿದ್ದರು. ಯಾರದೋ ಮನೆಯ ಸೊಸೆ ಜಗಳವಾಡಿ ತವರಿಗೆ ಹೋದಳು ಎಂದು ಬೀದಿಯಲ್ಲಿ ಮಾತಾದರೆ, ‘ಚೀಲ ಹಿಡಿದು ಹೋಗಿದ್ದು ನೋಡಿದೆ. ಜಗಳ ನಾ ನೋಡಿಲ್ಲ’ ಅನ್ನುತ್ತಿದ್ದರು. ಕೆಲವರಿಗೆ ಇದು ತಲೆನೋವು. ‘ಈಯಮ್ಮನ ಕೂಡ ಹರಟೆ ಹೊಡೆಯಾಕಾಗಲ್ಲ, ಉಪ್ಪಿಲ್ಲದ ಸಾರು’ ಎಂದು ಹಾಲಮ್ಮ ನನ್ನ ಹತ್ತಿರ ದೂರಿದ್ದುಂಟು. ನನಗೆ ಮಾತ್ರ ಹಿತವಾಗಿತ್ತು. ದಿನವಿಡೀ ಜನ ನೋಡದ್ದನ್ನು ನೋಡಿದೆವೆಂದು ಹೇಳುವುದನ್ನೂ ನೋಡಿದ್ದನ್ನು ನೋಡಿಲ್ಲವೆಂದು ಹೇಳುವುದನ್ನೂ ಬೆರಳಚ್ಚು ಮಾಡಿ ಸಂಜೆ ಬಸ್ಸಿಳಿಯುವವಳಿಗೆ ಆ ಮೆಟ್ಟಿಲು ಒಂದು ವಿಶ್ರಾಂತಿ.

ಅವರಿಗೆ ಒಬ್ಬ ತಮ್ಮ. ತಾಯಿ ಹೋದಾಗ ಅವನಿನ್ನೂ ಶಾಲೆಯ ಹುಡುಗ. ಆಮೇಲೆ ಅವನ ಊಟ, ಓದು, ಮದುವೆ ಎಲ್ಲ ನೋಡಿಕೊಂಡವರು ಅಕ್ಕನೇ. ಹೆಂಡತಿಯ ಊರು ಸೊರಬದ ಕಡೆ. ಅಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ. ಬಾಯಿ ದೊಡ್ಡದು, ಕೈಯೂ ದೊಡ್ಡದು. ಬಂದನೆಂದರೆ ಬೀದಿಯ ಈ ತುದಿಯಿಂದಲೇ ‘ಅಕ್ಕಾ, ಚಪಾತಿ ಲಟ್ಟಿಸು, ಬಂದೆ’ ಎಂದು ಕೂಗುತ್ತಿದ್ದ. ಹಾಲಮ್ಮನ ಎಮ್ಮೆಗೆ ಹಿಂಡಿ ತಂದುಕೊಟ್ಟು ದುಡ್ಡು ಬೇಡವೆನ್ನುತ್ತಿದ್ದ. ಅಕ್ಕನ ಪೆಟ್ಟಿಗೆಗೆ ಕೈ ಮುಗಿದು, ‘ಊರಿಗೆಲ್ಲ ಪುಕ್ಕಟೆ ಕಾವಲು ಕಾಯೋ ದೇವರೇ’ ಎಂದು ಛೇಡಿಸುತ್ತಿದ್ದ. ಅವನು ಕೆಟ್ಟವನೆಂದು ನಾನು ಬರೆಯಲಾರೆ. ನಾನು ನೋಡಿದ್ದು ಇಷ್ಟು.

ಒಂದು ಬೇಸಿಗೆಯಲ್ಲಿ ಅವನು ಬೇರೆ ಮಾತು ತೆಗೆದುಕೊಂಡು ಬಂದ. ಫೋನಿನಲ್ಲಿ ಒಂದು ಆಪ್. ಅದರಲ್ಲಿ ಹಣ ಹಾಕಿದರೆ ಅವರು ನಮ್ಮ ಹೆಸರಿಗೆ ಬಿಟ್‌ಕಾಯಿನ್ ಕೊಂಡಿಡುತ್ತಾರೆ, ಇನ್ನೊಬ್ಬರನ್ನು ಸೇರಿಸಿದರೆ ನಮಗೆ ಪಾಲು ಬರುತ್ತದೆ. ಮೇಲಿನವರು ಯಾರೋ, ಎಲ್ಲಿಯವರೋ. ಸೊರಬದಲ್ಲಿ ಸಭಾಂಗಣ ಬಾಡಿಗೆಗೆ ಹಿಡಿದು ಸಭೆ ಮಾಡುತ್ತಿದ್ದರು. ಇವನು ಸೇರಿದ, ಅಂಗಡಿಗೆ ಬರುವ ರೈತರನ್ನೂ ಸೇರಿಸತೊಡಗಿದ. ಅಕ್ಕನ ಪೆಟ್ಟಿಗೆಯ ಫೋಟೊ ಅವನ ಫೋನಿನಲ್ಲಿತ್ತು. ಅದನ್ನು ತೋರಿಸಿ, ‘ನಮ್ಮಕ್ಕನ ಮನೇಲೇ ಮಷೀನ್ ಐತ್ರೀ, ಅದೇ ಕಾಯಿನ್ನಿನದು. ನೀರಾವರಿ ಕಚೇರೀಲಿ ಇದ್ದವರು, ಸುಳ್ಳು ಹೇಳೋ ಪೈಕಿ ಅಲ್ಲ’ ಅನ್ನುತ್ತಿದ್ದನಂತೆ. ಸುಳ್ಳು ಹೇಳದವರು ಎಂಬ ಮಾತು ನಿಜವಾಗಿತ್ತು. ಜನ ಅದನ್ನೇ ನಂಬಿದರು. ಇದು ಅಕ್ಕನಿಗೆ ಗೊತ್ತಿರಲಿಲ್ಲ.

ಅವನೇ ಒಂದು ದಿನ ಊಟಕ್ಕೆ ಬಂದವನು ಉತ್ಸಾಹದಲ್ಲಿ ಅಕ್ಕನಿಗೆ ಆಪ್ ತೋರಿಸಿದ. ಕೊಂಡ ನಾಣ್ಯಕ್ಕೆ ಅದು ಉದ್ದನೆಯ ಒಂದು ಗುರುತಿನ ಸಂಖ್ಯೆ ಕೊಟ್ಟಿತ್ತು. ನಿಜವಾದ ವ್ಯವಹಾರವಾದರೆ ಅಂಥ ಸಂಖ್ಯೆ ಎಲ್ಲರ ಯಂತ್ರದಲ್ಲೂ ಇರಲೇಬೇಕು. ಅಕ್ಕ ತಮ್ಮ ಯಂತ್ರದಲ್ಲಿ ಹುಡುಕಿದರು. ಇರಲಿಲ್ಲ. ಇನ್ನೊಬ್ಬರದು ಕೊಡು ಎಂದರು. ಅದೂ ಇರಲಿಲ್ಲ. ಅವನು ಎಲೆಯ ಮುಂದೆ ಕುಳಿತಿದ್ದಾಗ ಹೇಳಿದರು. ಏನು ಹೇಳಿದರೆಂಬುದನ್ನು ಅವತ್ತು ಸಂಜೆ ಮೆಟ್ಟಿಲ ಮೇಲೆ ನನಗೂ ಹೇಳಿದರು. ಆದರೆ ನಾನು ಅಲ್ಲಿರಲಿಲ್ಲ. ನನ್ನದು ಕೇಳಿದ ಮಾತು. ಕೇಳಿದ ಮಾತು ಸಾಕ್ಷ್ಯವಲ್ಲವೆಂದು ನನ್ನ ಕೆಲಸ ನನಗೆ ಕಲಿಸಿದೆ.

ಅದಾದ ಮೇಲೂ ಅವನು ಜನರನ್ನು ಸೇರಿಸುತ್ತಲೇ ಇದ್ದ. ಮಳೆಗಾಲ ಹಿಡಿಯುವ ಹೊತ್ತಿಗೆ ಆಪ್ ನಿಂತುಹೋಯಿತು. ಮೇಲಿನವರ ಫೋನ್‌ಗಳು ಬಂದಾದವು.

ಜನ ಮೊದಲು ಅವನ ಅಂಗಡಿಗೆ ಹೋದರು. ಬೀಗ ಹಾಕಿತ್ತು. ಆಮೇಲೆ ಫೋಟೊದಲ್ಲಿದ್ದ ಪೆಟ್ಟಿಗೆಯನ್ನು ಹುಡುಕಿಕೊಂಡು ಒಂದು ಟೆಂಪೊ ಮಾಡಿಕೊಂಡು ನಮ್ಮ ಬೀದಿಗೆ ಬಂದರು. ಸೊರಬದ ಕಡೆಯ ಹೊಸಬಾಳೆ ಎಂಬ ಹಳ್ಳಿಯವರು, ಅದರ ಸುತ್ತಿನವರು. ಗಂಡಸರು ಬಾಗಿಲಲ್ಲಿ ನಿಂತು ಬೈಯತೊಡಗಿದರು. ಅಕ್ಕ ಹೊರಗೆ ಬಂದು ಎಲ್ಲರನ್ನೂ ನೋಡಿ, ‘ಒಳಗ ಬರ್ರಿ. ಬಿಸಿಲಾಗ ನಿಂತು ಯಾಕ ಕೂಗ್ತೀರಿ?’ ಎಂದರು. ಚಾಪೆ ಹಾಸಿದರು. ಕೆಲವರು ಕುಳಿತರು, ಕೆಲವರು ಕೂರಲಿಲ್ಲ. ನಾನೂ ಹಾಲಮ್ಮನೂ ಏನಾದರೂ ಆದೀತೆಂದು ಹೆದರಿ ಬಾಗಿಲ ಹತ್ತಿರವೇ ನಿಂತೆವು.

ಒಬ್ಬ ಅಜ್ಜಿ ಸೀದಾ ಗೂಡಿನ ಮುಂದೆ ಹೋಗಿ ನಿಂತಳು. ಮಗಳ ಮದುವೆಗೆಂದು ಇಟ್ಟದ್ದನ್ನು ಅಳಿಯನಾಗುವವನ ಮಾತು ಕೇಳಿ ಹಾಕಿದ್ದಳು ಎಂದು ಆಮೇಲೆ ತಿಳಿಯಿತು. ಹಸಿರು ದೀಪ ನೋಡಿದಳು.

‘ಇದ್ರೊಳಗೆ ನಮ್ಮ ದುಡ್ಡು ಅದೆಯಾ?’

‘ಇಲ್ಲವ್ವ.’

‘ಮತ್ತೆ ಎಂತ ಅದೆ?’

‘ಲೆಕ್ಕ ಐತಿ. ಯಾರಿಂದ ಯಾರಿಗೆ ಹೋತು ಅನ್ನೋ ಲೆಕ್ಕ.’

‘ಯಾರು ಅವರೆಲ್ಲ?’

‘ಗೊತ್ತಿಲ್ಲ. ಹೆಸರು ಇರಂಗಿಲ್ಲ ಇದರಾಗ. ಎಲ್ಲೆಲ್ಲಿಯವರೋ.’

ಅಜ್ಜಿ ತಿರುಗಿ ಅಕ್ಕನ ಮುಖ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ‘ಗುರುತು ಪರಿಚಯ ಇಲ್ದೋರ ಲೆಕ್ಕ ಹಗಲೂ ರಾತ್ರಿ ಕಾಯ್ತೀಯಲ್ಲ ಮಾರಾಯ್ತಿ. ಮನೇಲಿ ಹುಟ್ಟಿದ ತಮ್ಮನ ಲೆಕ್ಕ ಯಾಕೆ ಕಾಯ್ಲಿಲ್ಲ?’

ಅಕ್ಕ ಒಳಗೆ ಹೋಗಿ ನೀರು ತಂದು ಅಜ್ಜಿಗೆ ಕೊಟ್ಟರು. ಅಜ್ಜಿ ಕುಡಿದಳು. ಯಾರೂ ಪೆಟ್ಟಿಗೆ ಮುಟ್ಟಲಿಲ್ಲ. ಟೆಂಪೊ ಹೋದ ಮೇಲೆ ಹಾಲಮ್ಮ, ‘ಅವರ ಮಾತು ಮನಸ್ಸಿಗೆ ಹಚ್ಚಿಕೋಬ್ಯಾಡಕ್ಕಾ. ನೀನು ಹೇಳಿದ್ದಿಯಲ್ಲ ಅವಗೆ, ಕೇಳಲಿಲ್ಲ ಅಂವ’ ಎಂದರು. ಅಕ್ಕ, ‘ಹೇಳಿದೆ. ಹೇಳಿ ಸುಮ್ಮನಾದೆ’ ಎಂದರು. ಮಾರನೆಯ ದಿನ ತಾವೇ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದರು.

ತಮ್ಮನ ಬಂಧನವಾಯಿತು, ಕೆಲವು ದಿನಗಳಲ್ಲಿ ಜಾಮೀನೂ ಸಿಕ್ಕಿತು. ಅಕ್ಕನ ಪೆಟ್ಟಿಗೆಯನ್ನು ಪಂಚರ ಮುಂದೆ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಹಾಕಿ ತೆಗೆದುಕೊಂಡು ಹೋದರು. ಜಪ್ತಿಯಾದ ವಸ್ತುವಿಗೆ ನಮ್ಮಲ್ಲಿ ಮುದ್ದೆಮಾಲು ಎನ್ನುತ್ತೇವೆ. ಸಾಮಾನ್ಯವಾಗಿ ಅದು ಕುಡಗೋಲು, ಸೈಕಲ್ಲು, ಸಾರಾಯಿ ಕ್ಯಾನು. ಅವುಗಳ ನಡುವೆ ನಮ್ಮ ನೋಡಕ್ಕನ ಪೆಟ್ಟಿಗೆಯೂ ಕಪಾಟು ಸೇರಿತು.

ಗೂಡು ಖಾಲಿಯಾದ ಮೇಲೆ ಭರಣಿ ಮತ್ತೆ ಅಲ್ಲಿಗೆ ಬರಬಹುದು ಎಂದುಕೊಂಡಿದ್ದೆ. ಅಕ್ಕ ಇನ್ನೊಂದು ಯಂತ್ರ ತರಿಸಿದರು. ‘ಇನ್ನೂ ಸಾಕಾಗಲಿಲ್ಲೇನಕ್ಕಾ?’ ಎಂದು ಹಾಲಮ್ಮ ನೇರವಾಗಿಯೇ ಕೇಳಿದರು. ಅಕ್ಕ ತುಸು ಯೋಚಿಸಿ, ‘ಗೋಡಿ ಮ್ಯಾಲೆ ಸುಳ್ಳು ಯಾರೂ ಬರೀಲಿಲ್ಲ ಹಾಲಮ್ಮ. ಗೋಡಿ ತೋರಿಸಿ ಸುಳ್ಳು ಹೇಳಿದರು. ಗೋಡಿ ಯಾಕ ಕೆಡವಲಿ?’ ಎಂದರು. ಹೊಸ ಯಂತ್ರ ಯಾರ ಮಾತನ್ನೂ ನಂಬುವುದಿಲ್ಲ, ಈ ನಾಣ್ಯ ಹುಟ್ಟಿದ ದಿನದ ಮೊದಲ ಲೆಕ್ಕದಿಂದ ಹಿಡಿದು ಪ್ರತಿಯೊಂದನ್ನೂ ತಾನೇ ತಾಳೆ ನೋಡುತ್ತ ಬರುತ್ತದೆ. ನಮ್ಮೂರಿನ ನಿಧಾನದ ಇಂಟರ್ನೆಟ್‌ನಲ್ಲಿ ಅದು ವಾರಗಟ್ಟಲೆ ನಡೆಯಿತು. ಸಂಜೆ ನಾನು ಹೋದಾಗ ಅಕ್ಕ ಸ್ಟೂಲಿನ ಮೇಲೆ ಒಂದು ಕಾಲು ಮಡಚಿ ಕುಳಿತು ಪರದೆ ನೋಡುತ್ತಿರುತ್ತಿದ್ದರು.

ಪ್ರಕರಣದ ಬಗ್ಗೆ ನಾವು ಮಾತಾಡುತ್ತಿರಲಿಲ್ಲ. ಅದು ನನ್ನದೇ ನ್ಯಾಯಾಲಯಕ್ಕೆ ಬಂದಿದೆಯೆಂದು ತಿಳಿದ ದಿನ ನಾನು, ‘ಅಕ್ಕಾ, ಇನ್ನು ಆ ವಿಷಯ ನನ್ನ ಹತ್ತಿರ ತೆಗೀಬೇಡಿ’ ಎಂದಿದ್ದೆ. ‘ತೆಗಿಯಲ್ಲ’ ಎಂದವರು ಮತ್ತೆ ತೆಗೆಯಲಿಲ್ಲ. ಆದರೆ ಎರಡು ಮನೆಗಳ ನಡುವಿನ ಗೋಡೆ ತೆಳುವಾದದ್ದು. ತಮ್ಮನ ಹೆಂಡತಿ ಬಂದು ಅಳುವುದು ಕೇಳಿಸುತ್ತಿತ್ತು. ‘ನೀವು ಸುಳ್ಳು ಹೇಳಿ ಅಂತ ನಾ ಹೇಳ್ತಾ ಇಲ್ಲ ಅತ್ತಿಗೆ. ನೆನಪಿಲ್ಲ ಅನ್ನಿ ಸಾಕು. ವಯಸ್ಸಾಯ್ತು, ಮರ್ತೋಯ್ತು ಅಂದ್ರೆ ಯಾರು ಎಂತ ಮಾಡ್ತಾರೆ?’ ಅಕ್ಕನ ಉತ್ತರ ಕೇಳಿಸುತ್ತಿರಲಿಲ್ಲ. ಇಡೀ ಪ್ರಕರಣ ನಿಂತದ್ದು ಊಟದ ಹೊತ್ತಿನಲ್ಲಿ ಅಕ್ಕ ಹೇಳಿದ ಆ ಒಂದು ಮಾತಿನ ಮೇಲೆ. ಅವನೂ ಮೋಸಹೋದವನು, ಅವನ ಸ್ವಂತ ದುಡ್ಡೂ ಹೋಗಿದೆ, ಅದು ನಿಜ. ಆದರೆ ಅಕ್ಕ ಹೇಳಿದ ಮೇಲೂ, ತಿಳಿದೂ ಸೇರಿಸಿದನೆ? ಅಕ್ಕ ನಿಜಕ್ಕೂ ಹೇಳಿದ್ದರೇ?

ಅವರ ಸಾಕ್ಷ್ಯದ ದಿನ ಬೆಳಿಗ್ಗೆಯೇ ನಾನು ನ್ಯಾಯಾಧೀಶರ ಕೊಠಡಿಗೆ ಹೋಗಿ, ಸಾಕ್ಷಿ ನನ್ನ ಪಕ್ಕದ ಮನೆಯವರು, ಬೇರೆಯವರು ಕುಳಿತರೆ ಒಳ್ಳೆಯದು ಎಂದೆ. ಅವರು ಎರಡೂ ಕಡೆಯ ವಕೀಲರನ್ನು ಕೇಳಿದರು. ಇಬ್ಬರೂ ಅಭ್ಯಂತರವಿಲ್ಲ ಎಂದರು. ಬೇರೆ ಬೆರಳಚ್ಚುಗಾರರು ರಜೆಯ ಮೇಲಿದ್ದರು. ನಾನೇ ಕುಳಿತೆ.

ಅಕ್ಕ ಬಿಳಿ ಅಂಚಿನ ನೀಲಿ ಸೀರೆ ಉಟ್ಟಿದ್ದರು. ನನ್ನ ಕಡೆ ನೋಡಲಿಲ್ಲ. ಆರೋಪಿಯ ಜಾಗದಲ್ಲಿ ತಮ್ಮ ತಲೆ ತಗ್ಗಿಸಿ ನಿಂತಿದ್ದ. ಸರ್ಕಾರಿ ವಕೀಲರು ಕೇಳುತ್ತ ಹೋದರು, ಅಕ್ಕ ಹೇಳುತ್ತ ಹೋದರು, ನ್ಯಾಯಾಧೀಶರು ಅದನ್ನು ವಾಕ್ಯ ಮಾಡಿ ನನಗೆ ಹೇಳುತ್ತಿದ್ದರು. ತಮ್ಮನಿಗೆ ಹೇಳಿದ್ದಿರಾ ಎಂಬ ಆ ಪ್ರಶ್ನೆ ಬಂತು. ನನ್ನ ಬೆರಳು ಕೀಲಿಗಳ ಮೇಲೆ ನಿಂತವು.

‘ಹೇಳಿದ್ದೆ,’ ಎಂದರು ಅಕ್ಕ.

ನ್ಯಾಯಾಧೀಶರು ಹೇಳಿದರು: ‘ಇದು ಮೋಸವೆಂದು ನಾನು ನನ್ನ ತಮ್ಮನಿಗೆ ತಿಳಿಸಿದೆನು.’

‘ಅಲ್ಲ ಸ್ವಾಮಿ,’ ಎಂದರು ಅಕ್ಕ. ಎಲ್ಲರೂ ತಲೆ ಎತ್ತಿದರು. ‘ಮೋಸ ಅಂತ ನಾ ಅಂದಿಲ್ಲ. ಈ ಲೆಕ್ಕ ಎಲ್ಲೂ ಇಲ್ಲಪ್ಪ, ನಿನ್ನ ಫೋನಿನ ಮ್ಯಾಲೆ ಮಾತ್ರ ಐತಿ ಅಂದೆ. ಇನ್ನು ಯಾರನ್ನೂ ಸೇರಿಸಬ್ಯಾಡ ಅಂದೆ. ಅಷ್ಟೇ ಅಂದಿದ್ದು.’

ನ್ಯಾಯಾಧೀಶರು ಅವರನ್ನು ಒಮ್ಮೆ ನೋಡಿ, ಹಿಂದಿನದನ್ನು ಹೊಡೆದುಹಾಕಿಸಿ, ಅವರು ಹೇಳಿದಂತೆಯೇ ಬರೆಸಿದರು.

ಆಮೇಲೆ ತಮ್ಮನ ವಕೀಲರು ಎದ್ದರು. ‘ನೀವು ಹೇಳಿದ್ದು ನಿಮ್ಮ ತಮ್ಮನಿಗೆ ಅರ್ಥ ಆಯ್ತು ಅಂತ ನಿಮಗೆ ಹೇಗೆ ಗೊತ್ತು?’

‘ಅದು ನನಗೆ ಗೊತ್ತಿಲ್ಲ. ಅಂವ ಅನ್ನ ಕಲಸ್ತಿದ್ದ. ತಲೆ ಎತ್ತಲಿಲ್ಲ. ಅರ್ಥ ಆತೋ ಇಲ್ಲೋ ನಾ ನೋಡಿಲ್ಲ.’

ವಕೀಲರ ಮುಖ ಅರಳಿತು. ಅವರಿಗೆ ಬೇಕಾದದ್ದು ಅದೇ ಆಗಿತ್ತು. ಆದರೂ ಪದ್ಧತಿಯಂತೆ ಕೊನೆಯ ಮಾತು ಕೇಳಿದರು. ನಮ್ಮಲ್ಲಿ ಪಾಟೀಸವಾಲಿನಲ್ಲಿ ಎದುರು ವಕೀಲರು ಹೇಳಿದ್ದನ್ನೇ ಸಾಕ್ಷಿಯ ಮಾತಾಗಿಸಿ, ಉತ್ತರವನ್ನು ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂದು ಬರೆಯುತ್ತೇವೆ. ನಾನು ಅದನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ. ಆ ದಿನ ನ್ಯಾಯಾಧೀಶರು ಹೇಳಿ ನಾನು ಬೆರಳಚ್ಚು ಮಾಡಿದ್ದು ಇದು: ‘ಮನೆಯ ಆಸ್ತಿಯ ಆಸೆಗಾಗಿ ನಾನು ನನ್ನ ಸ್ವಂತ ತಮ್ಮನ ಮೇಲೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ವಕೀಲರಿಗೆ ಅದು ದಿನನಿತ್ಯದ ಮಾತು, ಅವರಿಗೂ ಅದರಲ್ಲಿ ನಂಬಿಕೆ ಇರಲಿಕ್ಕಿಲ್ಲ. ಅಕ್ಕ ‘ಸರಿಯಲ್ಲ’ ಎಂದರು. ಹೇಳಿಕೆಯನ್ನು ಓದಲು ಕೊಟ್ಟೆ. ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿ ಸಹಿ ಹಾಕಿದರು.

ಸಂಜೆ ಒಂದೇ ಬಸ್ಸಿನಲ್ಲಿ ಬಂದೆವು. ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದರು. ಶಿರಾಳಕೊಪ್ಪ ದಾಟಿದ ಮೇಲೆ, ನನಗೋ ತಮಗೋ ತಿಳಿಯದಂತೆ, ‘ಸೊರಗ್ಯಾನ’ ಎಂದರು.

ಅವರು ಹೋದದ್ದು ಆ ವರ್ಷ ಮುಗಿಯುವುದರೊಳಗೆ. ಬೆಳಿಗ್ಗೆ ಹಾಲು ಹಾಕಲು ಹೋದ ಹಾಲಮ್ಮ ಕಂಡರು. ಎದೆಯ ನೋವು ಎಂದು ಡಾಕ್ಟರು ಹೇಳಿದರಂತೆ. ತಮ್ಮ ಬಂದು ಎಲ್ಲ ಕಾರ್ಯ ಮಾಡಿದ. ಸಾಕ್ಷ್ಯದ ದಿನದಿಂದ ಅಕ್ಕನ ಮನೆಗೆ ಕಾಲಿಟ್ಟಿರಲಿಲ್ಲ. ಬೀದಿಯ ತುದಿಯಿಂದ ಕೂಗುತ್ತ ಬರುತ್ತಿದ್ದವನು ಅವತ್ತು ಯಾರೊಡನೆಯೂ ಮಾತಾಡಲಿಲ್ಲ. ಎರಡನೆಯ ಯಂತ್ರವನ್ನು ಯಾರೋ ಆರಿಸಿದರು. ಯಾರೆಂದು ನಾನು ನೋಡಿಲ್ಲ. ಒಂದು ಯಂತ್ರ ನಿಂತರೆ ಜಾಲಕ್ಕೆ ಏನೂ ಆಗುವುದಿಲ್ಲ, ಅದೇ ಅದರ ಗುಣ ಎಂದು ಅವರೇ ಹೇಳುತ್ತಿದ್ದರು. ಬೀದಿಗೆ ಆ ಗುಣವಿಲ್ಲ. ಈಗಲೂ ಏನಾದರೂ ತಗಾದೆ ಎದ್ದರೆ ಹಾಲಮ್ಮ ಆ ಮುಚ್ಚಿದ ಬಾಗಿಲ ಕಡೆ ಒಮ್ಮೆ ತಿರುಗುತ್ತಾರೆ.

ಪ್ರಕರಣ ಮುಗಿದು ತೀರ್ಪೂ ಬಂದಾಗಿದೆ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ತೀರ್ಪಿನ ಬಗ್ಗೆ ಬರೆಯುವುದು ನನ್ನ ಕೆಲಸವಲ್ಲ. ಅದಕ್ಕೂ ಮೊದಲು ನಡೆದ ಒಂದನ್ನು ಮಾತ್ರ ಬರೆಯಬೇಕು.

ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ಕೇಳುವ ಒಂದು ಹಂತವಿದೆ. ಇಂಥ ಸಾಕ್ಷಿ ನಿಮ್ಮ ವಿರುದ್ಧ ಹೀಗೆ ಹೇಳಿದ್ದಾರೆ, ಏನು ಹೇಳುತ್ತೀರಿ ಎಂದು ಒಂದೊಂದನ್ನೇ ಓದುತ್ತಾರೆ. ವಕೀಲರು ಮೊದಲೇ ಹೇಳಿಕೊಟ್ಟಿರುತ್ತಾರೆ. ಆರೋಪಿಗಳು ಎಲ್ಲಕ್ಕೂ ‘ಸುಳ್ಳು’ ಅನ್ನುತ್ತಾರೆ. ಅದು ಎಷ್ಟು ರೂಢಿಯೆಂದರೆ ಕೆಲವೊಮ್ಮೆ ಪ್ರಶ್ನೆ ಮುಗಿಯುವ ಮೊದಲೇ ನನ್ನ ಬೆರಳು ಆ ಪದವನ್ನು ಹೊಡೆಯಲು ಹೋಗುತ್ತವೆ.

ಅವನೂ ಹಾಗೆಯೇ ಹೇಳುತ್ತ ಬಂದ. ಸಭಾಂಗಣದ ಬಾಡಿಗೆಯ ಸಾಕ್ಷಿ, ಸುಳ್ಳು. ಹೊಸಬಾಳೆಯ ರೈತರು, ಸುಳ್ಳು. ಅಜ್ಜಿ, ಸುಳ್ಳು. ಆಮೇಲೆ ನ್ಯಾಯಾಧೀಶರು ಅಕ್ಕನ ಹೆಸರು ಓದಿದರು. ನಮ್ಮ ಬೀದಿಯಲ್ಲಿ ಯಾರೂ ಬಳಸದ ಆ ಹೆಸರು ಕೇಳಿದಾಗ ಯಾರೋ ಅಪರಿಚಿತರ ಮಾತಿದ್ದಂತೆ ಅನಿಸಿತು. ಈ ಲೆಕ್ಕ ಎಲ್ಲೂ ಇಲ್ಲ, ಇನ್ನು ಯಾರನ್ನೂ ಸೇರಿಸಬೇಡ ಎಂದು ಅವರು ನಿಮಗೆ ಹೇಳಿದ್ದಾಗಿ ನುಡಿದಿದ್ದಾರೆ. ಏನು ಹೇಳುತ್ತೀರಿ?

ಅವನು ಖಾಲಿ ಸಾಕ್ಷಿಕಟ್ಟೆಯ ಕಡೆ ನೋಡಿದ. ವಕೀಲರು ಕೆಮ್ಮಿದರು.

‘ನಿಜ,’ ಎಂದ.

ವಕೀಲರು ಎದ್ದು ನಿಂತರು. ನ್ಯಾಯಾಧೀಶರು ಕೈಯಿಂದಲೇ ಅವರನ್ನು ಕೂರಿಸಿ, ನಿಧಾನವಾಗಿ ಹೇಳಿದರು: ‘ಪೂರ್ತಿ ಕೇಳಿ ಹೇಳ್ರಿ. ಅವಸರ ಇಲ್ಲ. ನಿಮಗೆ ಅದು ಅರ್ಥ ಆಯ್ತೋ ಇಲ್ವೋ ತನಗೆ ಗೊತ್ತಿಲ್ಲ ಅಂತಾನೂ ನಿಮ್ಮ ಅಕ್ಕ ಹೇಳಿದ್ದಾರೆ.’

‘ಅದೊಂದು ಅಕ್ಕಗೆ ಗೊತ್ತಿರಲಿಲ್ಲ ಸ್ವಾಮಿ,’ ಎಂದ ಅವನು. ‘ಅರ್ಥ ಆಗಿತ್ತು. ಅದಕ್ಕೇ ತಲೆ ಎತ್ತಲಿಲ್ಲ.’

ನ್ಯಾಯಾಧೀಶರು ನನ್ನ ಕಡೆ ತಿರುಗಿ, ‘ಅವರು ಹೇಳಿದ ಹಾಗೇ ಬರೀರಿ’ ಎಂದರು. ಬರೆದೆ.